ತಂತಿಯಿಂದ ಒಪ್ಪಂದಕ್ಕೆ: ಈಥರ್ನೆಟ್ ದೋಷಗಳ ಐದು ದಶಕ

ಅಂಗೈಯಗಲದ ಲಿನಕ್ಸ್ ಬೋರ್ಡಿನಲ್ಲಿ ಈಥರ್ನೆಟ್ ಆಗಾಗ ಕೈಕೊಡಲು ಶುರುವಾದರೆ ಮೊದಲು ಬದಲಾಗುವುದು ಕೇಬಲ್, ಆಮೇಲೆ ಸ್ವಿಚ್, ಕೊನೆಗೆ ಎಸ್‌ಡಿ ಕಾರ್ಡಿನಲ್ಲಿರುವ ಇಡೀ ವ್ಯವಸ್ಥೆ. ಎಷ್ಟೋ ಸಲ ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಹುಟ್ಟಿದ ಈ ತಂತ್ರಜ್ಞಾನದ ಐದು ದಶಕಗಳನ್ನು ದೋಷಗಳ ಕಡೆಯಿಂದ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ತಂತಿ ಗಟ್ಟಿಯಾದಷ್ಟೂ ದೋಷವು ತಂತಿಯನ್ನು ಬಿಟ್ಟು, ಎರಡು ಕಡೆಯವರ ನಡುವೆ ಸರಿಯಾಗಿ ಬರೆದಿಡದ ಒಪ್ಪಂದದೊಳಗೆ ಸೇರಿಕೊಂಡಿದೆ.

1973ರ ಮೇ 22ರಂದು ಪಾಲೊ ಆಲ್ಟೊದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಬಾಬ್ ಮೆಟ್‌ಕಾಫ್ ಬರೆದ ಟಿಪ್ಪಣಿಯೊಂದು ಈಥರ್ನೆಟ್ಟಿನ ಹುಟ್ಟುಪತ್ರ. ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಡೇವಿಡ್ ಬಾಗ್ಸ್ ಜೊತೆಗೂಡಿ 1976ರಲ್ಲಿ ಅವರು ಪ್ರಕಟಿಸಿದ ಪ್ರಬಂಧ, ಪ್ಯಾಕೆಟ್ ತಲುಪಿಯೇ ತಲುಪುತ್ತದೆ ಎಂಬ ಭರವಸೆ ಕೊಡಲಿಲ್ಲ. ಕಳೆದುಹೋದದ್ದನ್ನು ಮತ್ತೆ ಕಳಿಸುವ ಹೊಣೆಯನ್ನು ಮೇಲಿನ ಸ್ತರಕ್ಕೆ ಬಿಟ್ಟಿತು. ಈಥರ್ನೆಟ್ಟನ್ನು ಗೆಲ್ಲಿಸಿದ್ದು ಈ ಉದಾರತೆಯೇ, ದೋಷ ಹುಡುಕುವವರನ್ನು ಸೋಲಿಸಿದ್ದೂ ಅದೇ. ಆದರೂ ಕೋಆಕ್ಸಿಯಲ್ ಕೇಬಲ್ಲಿನ ಕಾಲದಲ್ಲಿ ತುದಿಯ ಟರ್ಮಿನೇಟರ್ ಕಳಚಿದರೆ ಸಾಲಿನ ಯಂತ್ರಗಳೆಲ್ಲ ಒಟ್ಟಿಗೆ ಮೂಕವಾಗುತ್ತಿದ್ದವು, ದೋಷಕ್ಕೆ ಅಡಗಲು ಜಾಗವಿರಲಿಲ್ಲ. 1990ರಲ್ಲಿ ಬಂದ 10ಬೇಸ್-ಟಿ ಪ್ರತಿ ಯಂತ್ರಕ್ಕೂ ಬೇರೆ ತಂತಿ ಎಳೆಯಿತು. ಅದೇ ವರ್ಷ ವಿನೋದ್ ಭಾರದ್ವಾಜ್ ಸಹಸ್ಥಾಪಕರಾಗಿದ್ದ ಸಿಲಿಕಾನ್ ಕಣಿವೆಯ ಕಲ್ಪನಾ ಕಂಪನಿ ಈಥರ್ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. ಹಂಚಿಕೊಂಡ ತಂತಿ ಹೋಯಿತು, ಅದರ ಮೇಲೆ ಇಬ್ಬರು ಒಟ್ಟಿಗೆ ಮಾತಾಡಿದಾಗ ಆಗುತ್ತಿದ್ದ ಡಿಕ್ಕಿಗಳೂ ಕ್ರಮೇಣ ಹೋದವು. 1995ರ 100 ಮೆಗಾಬಿಟ್ ಮಾನಕದೊಂದಿಗೆ ಎರಡು ತುದಿಗಳು ತಾವೇ ಮಾತಾಡಿಕೊಂಡು ವೇಗವನ್ನು ಗೊತ್ತುಮಾಡುವ ಕ್ರಮ ಬಂತು. ಒಪ್ಪಂದದ ದೋಷ ಮೊದಲು ದೊಡ್ಡದಾಗಿ ಕಂಡದ್ದು ಇಲ್ಲೇ. ಒಂದು ತುದಿಯಲ್ಲಿ ಯಾರೋ ಫುಲ್ ಡುಪ್ಲೆಕ್ಸ್ (ಎರಡೂ ದಿಕ್ಕಿನಲ್ಲಿ ಏಕಕಾಲಕ್ಕೆ ಸಂಚಾರ) ಎಂದು ಕೈಯಾರೆ ಬಿಗಿದಿಟ್ಟರೆ, ಉತ್ತರ ಸಿಗದ ಇನ್ನೊಂದು ತುದಿ ಹಾಫ್ ಡುಪ್ಲೆಕ್ಸ್‌ಗೆ (ಒಂದು ಸಲಕ್ಕೆ ಒಂದೇ ದಿಕ್ಕು) ಇಳಿಯುತ್ತಿತ್ತು. ಪಿಂಗ್ ಹೋಗುತ್ತಿತ್ತು, ದೊಡ್ಡ ಫೈಲ್ ಮಾತ್ರ ತೆವಳುತ್ತಿತ್ತು. ಕೇಬಲ್ ಎಷ್ಟು ಬದಲಿಸಿದರೂ ಅದು ಸರಿಹೋಗುವಂಥದ್ದಲ್ಲ. ಲಿನಕ್ಸಿನ ಈಥ್‌ಟೂಲ್‌ನಂಥ ಸಾಧನಗಳು ಬೆಲೆ ಪಡೆದದ್ದು ಈ ಹೊತ್ತಿನಲ್ಲಿ: ಒಪ್ಪಿಕೊಂಡ ವೇಗವೆಷ್ಟು, ಯಾವ ಬಗೆಯ ತಪ್ಪುಗಳು ಎಷ್ಟು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ.

ಗಿಗಾಬಿಟ್ ಯುಗದಲ್ಲಿ ಒಪ್ಪಂದ ಬೋರ್ಡಿನೊಳಕ್ಕೇ ಬಂತು. ಪ್ರೊಸೆಸರ್ ಒಳಗಿನ ನಿಯಂತ್ರಕ ಮತ್ತು ಕೇಬಲ್ಲಿಗೆ ಸಂಕೇತ ಕೊಡುವ ಫೈ ಚಿಪ್, ಇವೆರಡರ ನಡುವೆ ಆರ್‌ಜಿಎಂಐಐ ಎಂಬ ಸಂಪರ್ಕವಿದೆ. ಅದರ ಗಡಿಯಾರ 125 ಮೆಗಾಹರ್ಟ್ಸ್. ಏರುವಾಗಲೂ ಇಳಿಯುವಾಗಲೂ ನಾಲ್ಕು ಬಿಟ್ ಸಾಗುವುದರಿಂದ ಒಂದೊಂದು ಕಂತಿಗೂ ಸಿಗುವುದು 4 ನ್ಯಾನೊಸೆಕೆಂಡ್. ಆ ಅವಧಿಯ ನಡುವಿನಲ್ಲಿ ಓದಬೇಕಾದರೆ ಗಡಿಯಾರದ ಸಂಕೇತವನ್ನು ಸುಮಾರು 2 ನ್ಯಾನೊಸೆಕೆಂಡ್ ತಡಮಾಡಬೇಕು. ಯಾರು ತಡಮಾಡಬೇಕು? ಮೊದಲ ನಿಯಮಾವಳಿ ಅದನ್ನು ಬೋರ್ಡಿನ ತಾಮ್ರದ ಗೆರೆಯ ಉದ್ದಕ್ಕೆ ಬಿಟ್ಟಿತ್ತು. 2002ರ ಪರಿಷ್ಕರಣೆ ಚಿಪ್ಪುಗಳೇ ಮಾಡಬಹುದೆಂದಿತು. ಇಬ್ಬರೂ ಮಾಡಿದರೆ ತಡ ಹೆಚ್ಚಾಯಿತು, ಯಾರೂ ಮಾಡದಿದ್ದರೆ ಕಡಿಮೆಯಾಯಿತು. ಎರಡರಲ್ಲೂ ಸಂಪರ್ಕದ ದೀಪ ಉರಿಯುತ್ತದೆ, ಪ್ಯಾಕೆಟ್ ಬೀಳುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ ಫ್ರೀಮಾಂಟ್‌ನ ಪೈನ್ ಮೈಕ್ರೋಸಿಸ್ಟಮ್ಸ್ ಹೊರತಂದ ಪೈನ್ ಎ64+. 2015ರ ಕೊನೆಯಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಹಣ ಕೂಡಿಸಿದ ಈ ಅಗ್ಗದ ಬೋರ್ಡಿನ ಕೆಲವು ಪ್ರತಿಗಳಲ್ಲಿ ಗಿಗಾಬಿಟ್ ನೆಟ್ಟಗೆ ನಡೆಯಲಿಲ್ಲ. ಅದರಲ್ಲಿದ್ದ ಆರ್‌ಟಿಎಲ್8211ಇ ಚಿಪ್ಪಿಗೆ ತಯಾರಕ ರಿಯಲ್‌ಟೆಕ್ ಕೊಟ್ಟ ಪರಿಹಾರವೆಂದರೆ ರಿಜಿಸ್ಟರುಗಳಿಗೆ ಬರೆಯಬೇಕಾದ ಕೆಲವು ಸಂಖ್ಯೆಗಳು, ವಿವರಣೆ ಹೆಚ್ಚೇನಿಲ್ಲ. ಬೋರ್ಡನ್ನು ಚಾಲೂ ಮಾಡುವ ಯು-ಬೂಟ್ ತಂತ್ರಾಂಶದಲ್ಲಿ ಅದು ಪೈನ್64 ಹೆಸರಿನ ಆಯ್ಕೆಯಾಗಿಯೇ ಸೇರಿತು. ಮಂತ್ರ ಫಲಿಸಿತು, ಅರ್ಥ ತಿಳಿಯಲಿಲ್ಲ. 2020ರಲ್ಲಿ ಲಿನಕ್ಸ್ 5.9 ಈ ಚಿಪ್ಪಿನ ತಡವನ್ನು, ಬೋರ್ಡಿನ ಯಂತ್ರಾಂಶವನ್ನು ಕರ್ನಲ್‌ಗೆ ವಿವರಿಸುವ ಡಿವೈಸ್ ಟ್ರೀ ಕಡತದಲ್ಲಿ ಬರೆದಂತೆಯೇ ಹೊಂದಿಸತೊಡಗಿದಾಗ, ಅಷ್ಟು ವರ್ಷ ನೆಟ್ಟಗಿದ್ದ ಹಲವು ಬೋರ್ಡುಗಳ ಜಾಲ ಸತ್ತಿತು. ಹೊಸ ಕರ್ನಲ್ ಕೆಟ್ಟದ್ದು ಎಂಬ ದೂರು ಸಹಜವೇ. ಆದರೆ ಕಡತದಲ್ಲಿ ತಪ್ಪು ಬರೆದಿತ್ತು, ಡ್ರೈವರ್ ಅದನ್ನು ಸರಿಯಾಗಿ ಪಾಲಿಸುತ್ತಿರಲಿಲ್ಲ. ಎರಡು ತಪ್ಪು ಸೇರಿ ಸರಿಯಾಗಿದ್ದವು, ಒಂದನ್ನು ತಿದ್ದಿದಾಗ ಇನ್ನೊಂದು ಬಯಲಾಯಿತು. ಪೈನ್ ಬೋರ್ಡಿನ ನಕ್ಷೆ ಎರಡೂ ದಿಕ್ಕಿಗೆ ಫೈ ಚಿಪ್ಪೇ ತಡ ಕೊಡುತ್ತದೆ ಎನ್ನುತ್ತಿತ್ತು, ರಿಯಲ್‌ಟೆಕ್‌ನ ಪರಿಹಾರ ಕಳಿಸುವ ದಿಕ್ಕಿಗೆ ಮಾತ್ರ ಎನ್ನುತ್ತಿತ್ತು. ಪರೀಕ್ಷಿಸಿದರೆ ಎರಡೂ ನಡೆದವು, ಎರಡನೆಯದು ತುಸು ಚೆನ್ನಾಗಿ. ಕೊನೆಗೆ ಕರ್ನಲ್ ಎರಡನೆಯದನ್ನೇ ಆರಿಸಿತು.

ನಿತ್ಯದ ತೊಂದರೆಗಳೆಲ್ಲ ಕೇಬಲ್ಲಿನವು, ವಿದ್ಯುತ್ತಿನವು ಎಂಬ ಆಕ್ಷೇಪವಿದೆ. ಅದರಲ್ಲಿ ನಿಜವೂ ಇದೆ: ರಾಸ್ಪ್‌ಬೆರಿ ಪೈ 4.63 ವೋಲ್ಟಿಗಿಂತ ಕೆಳಗಿಳಿದರೆ ಎಚ್ಚರಿಸುವುದು ಸುಮ್ಮನೆ ಅಲ್ಲ, ಅದನ್ನು ಮೊದಲು ನೋಡಲೇಬೇಕು. ಆದರೆ ಕೇಬಲ್ ಕೆಟ್ಟರೆ ಅದು ತನ್ನ ಗುರುತು ಬಿಡುತ್ತದೆ. 100 ಮೆಗಾಬಿಟ್‌ಗೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಒಂದು ಜೋಡಿ ಹೋದರೆ ಸಂಪರ್ಕ ಸಾಮಾನ್ಯವಾಗಿ ಗಿಗಾಬಿಟ್‌ಗೆ ಏರುವುದೇ ಇಲ್ಲ. ಕೇಬಲ್ ಬದಲಿಸಿದರೂ ಗಿಗಾಬಿಟ್‌ನಲ್ಲಿ ನಿಂತು ಪ್ಯಾಕೆಟ್ ಕಳೆಯುತ್ತಿದ್ದರೆ ಅನುಮಾನ ಬೋರ್ಡಿನ ಒಳಕ್ಕೆ ತಿರುಗಬೇಕು. ಅಥವಾ ನಿದ್ದೆಯ ಒಪ್ಪಂದದತ್ತ: 2010ರ 802.3ಎಜೆಡ್ ಮಾನಕ ಕೆಲಸವಿಲ್ಲದಾಗ ಸಂಪರ್ಕ ಮಲಗಲು ಅನುಮತಿಸಿತು, ಒಡ್ರಾಯ್ಡ್ ಸಿ2 ಬೋರ್ಡಿನಲ್ಲಿ ಅದು ಎಷ್ಟು ಕಾಡಿತೆಂದರೆ ಗಿಗಾಬಿಟ್‌ನ ಈ ನಿದ್ದೆಯನ್ನು ನಿಲ್ಲಿಸಲು ಡಿವೈಸ್ ಟ್ರೀಗೆ ಹೊಸ ಗುಣವೊಂದನ್ನೇ ಸೇರಿಸಬೇಕಾಯಿತು.

100 ಮೆಗಾಬಿಟ್‌ಗೆ ಇಳಿಸಿ ಸುಮ್ಮನಾಗಿ ಎನ್ನುವವರ ಸಲಹೆ ಫಲಿಸುತ್ತದೆ, ಆದರೆ ಏಕೆ ಫಲಿಸುತ್ತದೆ ಎನ್ನುವುದೇ ನನ್ನ ವಾದಕ್ಕೆ ಒತ್ತಾಸೆ. ಆ ವೇಗದಲ್ಲಿ ಗಡಿಯಾರ 25 ಮೆಗಾಹರ್ಟ್ಸ್, ಒಂದು ಕಂತಿಗೆ 40 ನ್ಯಾನೊಸೆಕೆಂಡ್. ಎರಡು ನ್ಯಾನೊಸೆಕೆಂಡಿನ ತಪ್ಪು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ಇಳಿಸಿ ನೋಡುವುದು ಒಳ್ಳೆಯ ಪರೀಕ್ಷೆ. ಅದನ್ನೇ ಮದ್ದೆಂದು ಉಳಿಸಿಕೊಂಡರೆ ತಪ್ಪು ಕಡತ ಮುಂದಿನ ಬೋರ್ಡಿಗೂ ನಕಲಾಗುತ್ತದೆ. 2025ರಲ್ಲಿ ಕರ್ನಲ್ ದಾಖಲೆಗೆ ಇದರ ಬಗ್ಗೆ ವಿವರಣೆ ಸೇರಿತು: ಡಿವೈಸ್ ಟ್ರೀಯಲ್ಲಿ ಆರ್‌ಜಿಎಂಐಐ ಎಂದಷ್ಟೇ ಬರೆದರೆ ತಡ ಬೋರ್ಡಿನ ಗೆರೆಗಳಲ್ಲೇ ಇದೆ ಎಂದರ್ಥ, ಐಡಿ ಎಂದು ಸೇರಿಸಿದರೆ ಬೋರ್ಡಿನಲ್ಲಿ ಇಲ್ಲ, ಚಿಪ್ಪುಗಳೇ ಕೊಡಬೇಕು. ನಿಯಮ ರೂಪುಗೊಂಡು ಎರಡು ದಶಕ ಕಳೆದ ಮೇಲೆ ಬಂದ ಈ ಕೆಲವು ಸಾಲುಗಳ ಹಿಂದೆ, ಹಳೆಯ ಅರ್ಥದಲ್ಲಿ ಬರೆದ ಕಡತಗಳು ಇನ್ನೂ ಸಾಲುಗಟ್ಟಿವೆ.