ಕಿತ್ತೂರಿಗೆ ಬಂದ ಎಕ್ಸ್‌ಚೇಂಜ್

ಟೆಲಿಫೋನಿನ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಮೇಜಿನ ಮೇಲಿನ ರಿಸೀವರಿನಿಂದ ಆರಂಭಿಸುತ್ತಾರೆ. ನಮ್ಮ ದೇಶದ ಮಟ್ಟಿಗೆ ಅಸಲಿ ಕತೆ ಇರುವುದು ಲೈನುಗಳನ್ನು ಒಂದಕ್ಕೊಂದು ಕೂಡಿಸುವ ಎಕ್ಸ್‌ಚೇಂಜಿನಲ್ಲಿ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆ ಬ್ರಿಟಿಷ್ ಕಂಪನಿಯೊಂದರ ಸಹಯೋಗದಲ್ಲಿ ಸ್ಟ್ರೌಜರ್ ಉಪಕರಣ ತಯಾರಿಸತೊಡಗಿತು. ಅದರ ಮೂಲ ಪೇಟೆಂಟು 1891ರದು; ಪಡೆದಾತ ಅಮೆರಿಕದಲ್ಲಿ ಶವಸಂಸ್ಕಾರದ ವ್ಯವಹಾರ ನಡೆಸುತ್ತಿದ್ದ ಆಲ್ಮನ್ ಸ್ಟ್ರೌಜರ್. ಡಯಲಿನ ತೂತಿಗೆ ಬೆರಳಿಟ್ಟು 7 ತಿರುಗಿಸಿ ಬಿಟ್ಟರೆ, ಅದು ಹಿಂದಕ್ಕೆ ಬರುವಾಗ ಲೈನಿನ ವಿದ್ಯುತ್ತು ಏಳು ಸಲ ಕಡಿದು ಕೂಡುತ್ತದೆ. ಅತ್ತ ಕೊನೆಯ ಸೆಲೆಕ್ಟರಿನ ದಂಡ ಟಕಟಕನೆ ಏಳು ಹಂತ ಮೇಲೇರಿ, ಮುಂದಿನ ಅಂಕಿ ಎಷ್ಟೋ ಅಷ್ಟು ಹೆಜ್ಜೆ ಪಕ್ಕಕ್ಕೆ ತಿರುಗಿ, ನೂರು ಲೈನುಗಳಲ್ಲಿ ಬೇಕಾದ ಒಂದನ್ನು ಮುಟ್ಟುತ್ತದೆ. ಧೂಳು ಕೂತರೆ ಒರೆಸಬೇಕು, ಸವೆದರೆ ಬದಲಿಸಬೇಕು. ಆದರೂ ಒಂದು ಸೆಲೆಕ್ಟರು ಕೆಟ್ಟರೆ ಕೆಡುವುದು ಅದರ ಮೂಲಕ ಹೋಗುವ ಕರೆಗಳು ಮಾತ್ರ.

ಸ್ಟ್ರೌಜರ್ ಹಳೆಯದಾಯಿತೆಂದು 1964ರಲ್ಲಿ ಬೆಲ್ಜಿಯಂನ ಕಂಪನಿಯೊಂದಿಗೆ ಒಪ್ಪಂದವಾಗಿ ಪೆಂಟಾಕಾಂಟಾ ಎಂಬ ಕ್ರಾಸ್‌ಬಾರ್ ಬಂತು. ಇದರಲ್ಲಿ ಪ್ರತಿ ಕರೆಯೂ ತಾನೇ ದಾರಿ ಹುಡುಕಿಕೊಳ್ಳುವುದಿಲ್ಲ. ಎಲ್ಲ ಕರೆಗಳಿಗೂ ಕೆಲವೇ ಸಾಮಾನ್ಯ ನಿಯಂತ್ರಕಗಳು ದಾರಿ ತೋರಿಸುತ್ತವೆ. ಯುರೋಪಿನ ಮನೆಯ ಫೋನು ದಿನಕ್ಕೆ ಕೆಲವೇ ಬಾರಿ ಬಳಕೆಯಾಗುತ್ತಿದ್ದಾಗ ಇದು ಸಾಕಿತ್ತು. ನಮ್ಮಲ್ಲಿ ಒಂದು ಫೋನಿಗೆ ಅಕ್ಕಪಕ್ಕದ ಮನೆಯವರು, ಅಂಗಡಿಯವರು, ಕಚೇರಿಯವರೆಲ್ಲ ಜೋತುಬೀಳುತ್ತಿದ್ದರು. ಕರೆ ಸಿಗದಿದ್ದರೆ ಮತ್ತೆ ಡಯಲ್, ಮತ್ತೊಮ್ಮೆ ಡಯಲ್; ವಿಫಲವಾದ ಪ್ರತಿ ಯತ್ನವೂ ಅದೇ ನಿಯಂತ್ರಕದ ಸಮಯ ತಿಂದು ದಟ್ಟಣೆಯನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು. ಕೊನೆಗೆ ವಿನ್ಯಾಸವನ್ನೇ ಇಲ್ಲಿನ ಬಳಕೆಗೆ ತಕ್ಕಂತೆ ತಿದ್ದಬೇಕಾಯಿತು. ತಪ್ಪು ಉಪಕರಣದ್ದಲ್ಲ, ಫೋನುಗಳ ಕೊರತೆಯದು ಎಂದು ಯಾರಾದರೂ ಹೇಳಬಹುದು. ನಿಜವೇ. ಆದರೆ ಆ ಕೊರತೆ ಒಪ್ಪಂದಕ್ಕೆ ಸಹಿ ಹಾಕಿದ ದಿನವೂ ಎಲ್ಲರ ಕಣ್ಣೆದುರಿಗೇ ಇತ್ತು. ಹೊಸ ಯಂತ್ರವೆಂಬುದಷ್ಟೇ ಆಯ್ಕೆಗೆ ಆಧಾರವಾಗಬಾರದಿತ್ತು ಎಂಬುದು ನನ್ನ ವಾದ.

1984ರ ಆಗಸ್ಟಿನಲ್ಲಿ ಸ್ಥಾಪನೆಯಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಕೇಂದ್ರ ಸಿ-ಡಾಟ್ ಈ ಲೆಕ್ಕವನ್ನು ತಿರುಗಿಸಿ ಹಾಕಿತು. ದೂರಸಂಪರ್ಕ ಎಂಜಿನಿಯರ್ ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ ಹುಟ್ಟಿದ ಈ ಸಂಸ್ಥೆಗೆ ಕೊಟ್ಟದ್ದು 36 ತಿಂಗಳು, 36 ಕೋಟಿ ರೂಪಾಯಿ. ಅದರ ಮೊದಲ ದೊಡ್ಡ ಫಲ ದೊಡ್ಡದೇ ಆಗಿರಲಿಲ್ಲ: 128 ಪೋರ್ಟುಗಳ ಗ್ರಾಮೀಣ ಎಕ್ಸ್‌ಚೇಂಜ್, ಇಂಗ್ಲಿಷ್ ಹೆಸರಿನ ಸಂಕ್ಷೇಪವಾಗಿ ರ‍್ಯಾಕ್ಸ್. 1986ರ ಜುಲೈನಲ್ಲಿ ಮೊದಲನೆಯದು ಕೆಲಸ ಶುರುಮಾಡಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಆ ಹೊತ್ತಿಗೆ ಫ್ರಾನ್ಸಿನಿಂದ ತಂತ್ರಜ್ಞಾನ ತಂದ ಡಿಜಿಟಲ್ ಎಕ್ಸ್‌ಚೇಂಜುಗಳಿಗೆ ಏರ್ ಕಂಡೀಷನರಿನ ಕೋಣೆ ಬೇಕಿತ್ತು. ಕರೆಂಟು ಯಾವಾಗ ಬಂದೀತು ಎಂದು ಕಾಯುವ ಊರಿಗೆ ಅಂಥ ಕೋಣೆ ಕಟ್ಟಿಕೊಡುವುದೆಂದರೆ, ಫೋನು ಕೊಡುವುದಿಲ್ಲ ಎಂದು ಗೌರವದಿಂದ ಹೇಳಿದಂತೆ. ರ‍್ಯಾಕ್ಸಿಗೆ ಏಸಿ ಬೇಕಿರಲಿಲ್ಲ. ಬಿಸಿಲಿಗೂ ಧೂಳಿಗೂ ಒಗ್ಗಿಕೊಂಡು ಸಾಮಾನ್ಯ ಕಟ್ಟಡದಲ್ಲೇ ನಡೆಯುವಂತೆ ಅದನ್ನು ರೂಪಿಸಿದ್ದರು.

ಇದಕ್ಕೆ ಆಕ್ಷೇಪಗಳು ಆಗಲೇ ಇದ್ದವು, ಕೆಲವು ಗಟ್ಟಿಯೂ ಹೌದು. ನಗರಗಳಿಗೆ ಬೇಕಾದ ದೊಡ್ಡ ಸ್ವಿಚ್ಚು 36 ತಿಂಗಳಲ್ಲಿ ಸಿದ್ಧವಾಗಲಿಲ್ಲ. ಚಿಪ್ಪುಗಳು ಹೊರದೇಶದವೇ, ಹಾಗಿದ್ದಮೇಲೆ ಸ್ವದೇಶಿ ಎನ್ನುವುದೇಕೆ ಎಂದೂ ಕೇಳಿದರು. ಗಡುವಿನ ವಿಷಯದಲ್ಲಿ ಮರುಮಾತಿಲ್ಲ. ಚಿಪ್ಪಿನ ಮಾತಿಗೆ ಮಾತ್ರ ಉತ್ತರವಿದೆ: ಕಿತ್ತೂರಿನಲ್ಲಿ ದೇಶೀಯವಾಗಿದ್ದದ್ದು ಎಷ್ಟು ಲೈನು, ಎಷ್ಟು ಬಿಸಿಲು, ಎಷ್ಟು ದಟ್ಟಣೆ ಎಂಬ ಲೆಕ್ಕ, ಅದರ ಮೇಲೆ ಹೆಣೆದ ಸಾಫ್ಟ್‌ವೇರು. ಪೆಂಟಾಕಾಂಟಾದಲ್ಲಿ ಇಲ್ಲದೆ ಹೋದದ್ದು ಆ ಲೆಕ್ಕವೇ. ಮೊಬೈಲು ಬಂದಮೇಲೆ ಇದೆಲ್ಲ ವ್ಯರ್ಥವಾಯಿತಲ್ಲ ಎನ್ನುವವರು ನಡುವಿನ ವರ್ಷಗಳನ್ನು ಮರೆಯುತ್ತಾರೆ. ಸಿ-ಡಾಟ್ ತನ್ನ ವಿನ್ಯಾಸವನ್ನು ಕಟ್ಟಿಟ್ಟುಕೊಳ್ಳದೆ ಹಲವು ತಯಾರಕರಿಗೆ ಪರವಾನಗಿ ಕೊಟ್ಟಿತು. ಹಳ್ಳಿಹಳ್ಳಿಗೆ ರ‍್ಯಾಕ್ಸ್ ಹೋಯಿತು. ಟ್ರಂಕ್ ಕಾಲ್ ಬುಕ್ ಮಾಡಿ ಆಪರೇಟರಿನ ಕರುಣೆಗಾಗಿ ಕಾಯುತ್ತಿದ್ದವರು ಎಸ್‌ಟಿಡಿ ಬೂತಿನಲ್ಲಿ ಮೀಟರು ನೋಡುತ್ತಾ ಮಾತು ಮೊಟಕುಗೊಳಿಸುವುದನ್ನು ಕಲಿತದ್ದು ಆ ವರ್ಷಗಳಲ್ಲೇ.