ಹ್ಯಾನ್ಸೆಲ್

ಯಾವುದೊಂದು ಆರಂಭಕ್ಕೂ ಶುಭವನ್ನು ಹಾರೈಸಿ ಸ್ಕಾಟ್ಲೆಂಡಿನ ಜನರು ಕೊಡುತ್ತಿದ್ದ ಕಾಣಿಕೆಗೆ ‘ಹ್ಯಾನ್ಸೆಲ್’ ಎಂದು ಹೆಸರು. ಕೈಗೆ ಕೈ ಸೇರಿಸಿ ವ್ಯವಹಾರವನ್ನು ಸ್ಥಿರಪಡಿಸುವುದೆಂಬ ಅರ್ಥದ ಪ್ರಾಚೀನ ನಾರ್ಸ್ ಶಬ್ದದೊಡನೆ ಅದಕ್ಕೆ ಬಾಂಧವ್ಯವುಂಟು. ನವಜಾತ ಶಿಶುವಿನ ಅಂಗೈಯಲ್ಲಿಟ್ಟ ಬೆಳ್ಳಿಯ ನಾಣ್ಯವೂ, ಹೊಸ ಉಡುಪಿನ ಜೇಬಿಗೆ ಹಾಕಿದ ಪುಡಿಗಾಸೂ, ವ್ಯಾಪಾರಿಗೆ ದಿನದ ಮೊದಲ ಗಿರಾಕಿಯಿಂದ ದೊರೆತ ಹಣವೂ—ನಮ್ಮ ಅಂಗಡಿಬೀದಿಯ ಬೋಣಿಯೇ ಸರಿ—ಹ್ಯಾನ್ಸೆಲ್ ಎನಿಸಿಕೊಳ್ಳುತ್ತಿದ್ದುವು. ವರ್ಷದ ಪ್ರಥಮ ಸೋಮವಾರವಂತೂ ‘ಹ್ಯಾನ್ಸೆಲ್ ಸೋಮವಾರ’ವೆಂದೇ ಪ್ರಸಿದ್ಧವಾಗಿ, ಕ್ರಿಸ್ಮಸ್ ಹಬ್ಬವನ್ನು ಸುಧಾರಿತ ಚರ್ಚು ಮಾನ್ಯಮಾಡದಿದ್ದ ಆ ನಾಡಿನಲ್ಲಿ, ಹೊಲದಾಳುಗಳಿಗೆ ಅಪರೂಪದ ಬಿಡುವನ್ನು ತರುತ್ತಿತ್ತು. 1752ರಲ್ಲಿ ಪಂಚಾಂಗದ ಸುಧಾರಣೆಯಲ್ಲಿ ಹನ್ನೊಂದು ದಿನಗಳು ಲೋಪವಾದ ತರುವಾಯವೂ, ಹಲವು ಗ್ರಾಮಗಳವರು, ಮೆಚ್ಚತಕ್ಕ ಹಠದಿಂದಲೇ ಎನ್ನಬೇಕು, ಹಳೆಯ ಲೆಕ್ಕದಂತೆ ಜನವರಿ 12ರ ಅನಂತರದ ಸೋಮವಾರವನ್ನೇ ಆಚರಿಸುತ್ತಿದ್ದರು. 1871ರ ಶಾಸನವು ಜನವರಿ 1ನ್ನು ಸ್ಕಾಟ್ಲೆಂಡಿನ ಬ್ಯಾಂಕುಗಳಿಗೆ ರಜೆಯಾಗಿಸಿತು. ಆ ಬಳಿಕ ಹ್ಯಾನ್ಸೆಲ್ ಸೋಮವಾರದ ಸಂಭ್ರಮವು ಕ್ರಮೇಣ ಹೊಸವರ್ಷದ ದಿನದಲ್ಲಿ ಲೀನವಾಯಿತು.