ಫಿಟ್ಸ್ ಇದ್ದವರಿಗೆ ಡಿಎಲ್: ಎಂಬತ್ತು ವರ್ಷ ದಾಟಿದ ಒಂದು ನಿಷೇಧ

ಚಾಲಕನಿಗೆ ಫಿಟ್ಸ್ ಬಂದು ಅಪಘಾತವಾಯಿತೆಂಬ ಸುದ್ದಿ ಬಂದಾಗಲೆಲ್ಲ ಕಾನೂನು ಬಿಗಿಯಾಗಲಿ ಎಂಬ ಕೂಗೇಳುತ್ತದೆ. ಕೂಗುವವರು ಡಿಎಲ್ ಅರ್ಜಿ ಓದಿದಂತಿಲ್ಲ. ಮೂರ್ಛೆರೋಗದ ಮಟ್ಟಿಗೆ ನಮ್ಮ ಕಾನೂನು ಇನ್ನು ಬಿಗಿಯಾಗಲು ಜಾಗವೇ ಇಲ್ಲ.

1939ರ ಮೋಟಾರು ವಾಹನ ಕಾಯ್ದೆ ಮೂರ್ಛೆರೋಗವನ್ನು ಸಂಪೂರ್ಣ ಅನರ್ಹತೆಯ ಪಟ್ಟಿಗೆ ಸೇರಿಸಿತು. 1988ರ ಕಾಯ್ದೆ, 1989ರ ಕೇಂದ್ರ ನಿಯಮಗಳು ಬಂದ ಮೇಲೆ ಆ ಕೆಲಸ ಡಿಎಲ್ ಅರ್ಜಿಯ ಫಾರಂ 1ರ ಪಾಲಿಗೆ ಬಂತು: ಮೂರ್ಛೆರೋಗವಾಗಲಿ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದಾಗಲಿ, ತಲೆಸುತ್ತಾಗಲಿ ಇದೆಯೇ? ಕೊನೆಯ ಸಲ ಬಂದದ್ದು ಯಾವಾಗ ಎಂದು ಮಾತ್ರ ಕೇಳುವುದಿಲ್ಲ.

ಈ ನಡುವೆ ವೈದ್ಯಕೀಯ ಎಲ್ಲಿಗೆ ಮುಟ್ಟಿತ್ತು? ಇದನ್ನು ಹೇಳುವಾಗ ನಮ್ಮ ಬೆಂಗಳೂರಿನ ಕಡೆಗೆ ವಾಲುತ್ತೇನೆ. ಇಲ್ಲಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನಲ್ಲಿ ನಡೆಸಿದ ಅಧ್ಯಯನ 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಫಿನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಅಗ್ಗದ ಹಳೆಯ ಮಾತ್ರೆಗಳಿಂದಲೇ ಹಳ್ಳಿಗರ ಫಿಟ್ಸ್ ಹತೋಟಿಗೆ ತರಬಹುದೆಂದು ಅದು ತೋರಿಸಿತು. ನಿಮ್ಹಾನ್ಸ್‌ನ ಬೆಂಗಳೂರು ನಗರ–ಗ್ರಾಮ ಸಮೀಕ್ಷೆಯಲ್ಲಿ ಸಾವಿರಕ್ಕೆ ಸುಮಾರು 9 ಜನರಲ್ಲಿ ಮೂರ್ಛೆರೋಗ ಕಂಡಿತು. ಹಳ್ಳಿಗಳಲ್ಲಿ ಪ್ರಮಾಣ ನಗರದ ಎರಡರಷ್ಟು. ಹಳೇ ಮೈಸೂರು ಸೀಮೆಯದೇ ಎನ್ನಬಹುದಾದ ಬಿಸಿನೀರಿನ ಮೂರ್ಛೆಯನ್ನು ಜಗತ್ತಿಗೆ ವಿವರವಾಗಿ ತಿಳಿಸಿಕೊಟ್ಟವರೂ ಬೆಂಗಳೂರಿನ ವೈದ್ಯರೇ. ತಲೆಗೆ ಚೊಂಬಿನ ಮೇಲೆ ಚೊಂಬು ಸುಡುನೀರು ಸುರಿದುಕೊಂಡಾಗ ಬರುವ ಮೂರ್ಛೆ ಇದು. ಎಷ್ಟೋ ಜನರಿಗೆ ಬಚ್ಚಲಿನಾಚೆ ಅದು ಬರುವುದೇ ಇಲ್ಲ. ಉಗುರುಬೆಚ್ಚನೆ ನೀರು, ತಲೆಸ್ನಾನಕ್ಕೆ ಮೊದಲು ಒಂದು ಕ್ಲೋಬಜಾಂ ಮಾತ್ರೆ ಸಾಕಾಗುತ್ತದೆ. ಕೆಲವರಿಗೆ ಮುಂದೆ ತಾನಾಗಿಯೂ ಬರಬಹುದು, ನಿಗಾ ಬೇಕು ನಿಜ. ಆದರೆ ಫಾರಂ 1ಕ್ಕೆ ಬಚ್ಚಲೂ ಒಂದೇ, ಹೆದ್ದಾರಿಯೂ ಒಂದೇ.

ಹೊರಗಿನವರು ಇಷ್ಟರಲ್ಲಿ ಬೇರೆ ದಾರಿ ಹಿಡಿದಿದ್ದರು. ಬ್ರಿಟನ್ 1970ರಲ್ಲಿ ಮೂರು ವರ್ಷ ಮೂರ್ಛೆಯಿಲ್ಲದವರಿಗೆ ಲೈಸೆನ್ಸ್ ಕೊಟ್ಟು, 1994ರಲ್ಲಿ ಅವಧಿಯನ್ನು ಒಂದು ವರ್ಷಕ್ಕಿಳಿಸಿತು; ಬಸ್ಸು, ಲಾರಿಗೆ ಮಾತ್ರ ಮಾತ್ರೆಯಿಲ್ಲದೆ ಹತ್ತು ವರ್ಷ. ಜಪಾನ್ 2002ರಲ್ಲಿ ನಿಷೇಧ ಸಡಿಲಿಸಿತು. 2011ರಲ್ಲಿ ಕನುಮಾದಲ್ಲಿ ರೋಗ ಮುಚ್ಚಿಟ್ಟ ಚಾಲಕನ ಕ್ರೇನ್ ಆರು ಮಕ್ಕಳನ್ನು ಬಲಿ ತೆಗೆದುಕೊಂಡಿತು. ಆಗಲೂ ಅವರು ಹಳೆಯ ನಿಷೇಧಕ್ಕೆ ಮರಳಲಿಲ್ಲ, ಸುಳ್ಳು ಹೇಳುವುದನ್ನು ಶಿಕ್ಷಾರ್ಹ ಮಾಡಿದರು.

ನಮ್ಮಲ್ಲೂ ಕಾನೂನು ಬದಲಾಗದೆ ಇಲ್ಲ. ಮೂರ್ಛೆರೋಗದ ನೆಪದಲ್ಲಿ ಮದುವೆ ಮುರಿಯುವ ಅವಕಾಶವನ್ನು 1999ರಲ್ಲಿ ತೆಗೆದುಹಾಕಲಾಯಿತು. 2020ರಲ್ಲಿ ಅಲ್ಪಸ್ವಲ್ಪ ಬಣ್ಣಗುರುಡು ಇರುವವರಿಗೆ ಡಿಎಲ್ ಬಾಗಿಲು ತೆರೆಯಿತು. ಫಿಟ್ಸ್ ಇರುವವರ ಸರದಿ ಮಾತ್ರ ಬಂದಿಲ್ಲ. ಅತ್ತ, ಸ್ಟೀರಿಂಗ್ ಹಿಡಿದೇ ತೂಕಡಿಸುವಂತೆ ಮಾಡುವ ನಿದ್ರೆಯ ಉಸಿರುಗಟ್ಟುವಿಕೆಯ ಹೆಸರನ್ನು ಅರ್ಜಿ ಎತ್ತುವುದಿಲ್ಲ.

ಈ ನಿಷೇಧದ ಫಲವನ್ನು ಕನಕಪುರದ ಸೀಮೆಯಲ್ಲಿ ನೋಡಬೇಕು. ಸಾತನೂರು ಕಡೆಯ ಹಳ್ಳಿಗಳಿಗೆ ಬಸ್ಸು ಅಪರೂಪ. ರಾಮನಗರದ ಮಾರುಕಟ್ಟೆಗೆ ಬೈಕಿನಲ್ಲಿ ರೇಷ್ಮೆಗೂಡು ಸಾಗಿಸುವ ಹುಡುಗನಿಗೆ ಡಿಎಲ್ ಇಲ್ಲವೆಂದರೆ ಕೂಲಿಯೂ ಇಲ್ಲ. ಫಿಟ್ಸ್ ಇರುವ ಅಂಥವರು ಚಿಕಿತ್ಸೆಗೆ ಬಂದಾಗ ದನಿ ತಗ್ಗಿಸಿ ವೈದ್ಯರನ್ನು ಕೇಳುವುದು ಒಂದೇ: “ಚೀಟೀಲಿ ಫಿಟ್ಸ್ ಅಂತ ಬರೀಬೇಡಿ ಸಾರ್.” ಊರಿನ ಮೆಡಿಕಲ್ ಅಂಗಡಿಯಲ್ಲಿ ಮಾತ್ರೆ ಕೊಂಡರೆ ಗುಟ್ಟು ರಟ್ಟಾಗುತ್ತದೆಂದು ಮಾತ್ರೆಯನ್ನೇ ಬಿಡುತ್ತಾರೆ, ಬೈಕನ್ನಲ್ಲ. ಹೆದ್ದಾರಿಗೆ ನಿಜವಾದ ಅಪಾಯ ಅದು.

ಎಷ್ಟು ಕಾಲ ಮೂರ್ಛೆಯಿಲ್ಲದಿದ್ದರೆ ಬೈಕು, ಕಾರು ಓಡಿಸಬಹುದೆಂದು ಸಾರಿಗೆ ಸಚಿವಾಲಯ ನಿಗದಿಮಾಡಲಿ. ಬಸ್ಸು, ಲಾರಿಯ ಮೇಲಿನ ನಿಷೇಧ ಇರಲಿ. ನನ್ನ ಲೆಕ್ಕದಲ್ಲಿ ಒಂದು ವರ್ಷ, ಜೊತೆಗೆ ನರರೋಗ ತಜ್ಞರ ಪ್ರಮಾಣಪತ್ರ ಸಾಕು. ಫಾರಂ 1ಕ್ಕೆ ಬೇಕಾಗಿರುವುದು ದಿನಾಂಕ ಬರೆಯುವ ಒಂದು ಸಾಲು.